ನಿಮ್ಮ ಪ್ರಶ್ನೆ: ಹತ್ತು ಲಕ್ಷ ಜನ ಎಲ್ಲಿ ಹೋದರು?

ಕೋಲಾರದ ನಿವೃತ್ತ ಕಾಲೇಜು ಗ್ರಂಥಪಾಲಕಿಯೊಬ್ಬರು ಈ ತಿಂಗಳು ಓದುಗರ ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಮೇಡಂ, ನಾನು ಶ್ರೀನಿವಾಸಪುರ ಕಡೆಯ ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕ, ಅರ್ಥಶಾಸ್ತ್ರ ಪಾಠ ಮಾಡುತ್ತೇನೆ. ಬಿ.ಎ. ಎರಡನೇ ವರ್ಷದವರಿಗೆ ‘ಕೋಲಾರ ಜಿಲ್ಲೆಯ ಜನಸಂಖ್ಯೆಯಲ್ಲಿ ಆದ ಬದಲಾವಣೆ’ ಎಂದು ಅಸೈನ್‌ಮೆಂಟ್ ಕೊಟ್ಟಿದ್ದೆ. 52 ಮಕ್ಕಳಲ್ಲಿ 37 ಮಂದಿ ಒಂದೇ ಮಾತು ಬರೆದಿದ್ದಾರೆ. 2001ರಲ್ಲಿ 25 ಲಕ್ಷ ಇದ್ದ ಜನಸಂಖ್ಯೆ 2011ಕ್ಕೆ 15 ಲಕ್ಷಕ್ಕೆ ಇಳಿಯಿತಂತೆ. ಬರಗಾಲ, ಚಿನ್ನದ ಗಣಿ ಮುಚ್ಚಿದ್ದು, ಬೆಂಗಳೂರಿಗೆ ವಲಸೆ ಹೋದದ್ದು ಕಾರಣವಂತೆ. ಚಾಟ್‌ಜಿಪಿಟಿಯಿಂದ ಇಳಿಸಿಕೊಂಡಿದ್ದಾರೆಂದು ಓದಿದ ಕೂಡಲೇ ಗೊತ್ತಾಗುತ್ತದೆ. ಯಂತ್ರದ ಬರಹ ಪತ್ತೆ ಮಾಡುವ ತಂತ್ರಾಂಶಕ್ಕೆ ಹಾಕಿ ನೋಡಿದೆ. ಸ್ವಂತವಾಗಿ ಬರೆಯುವ ಒಬ್ಬ ಹುಡುಗಿಯ ಇಂಗ್ಲಿಷ್ ಉತ್ತರವನ್ನೂ ಯಂತ್ರದ್ದೇ ಎಂದು ತೋರಿಸಿತು. ಎಲ್ಲರಿಗೂ ಸೊನ್ನೆ ಹಾಕಲೇ?

ಉತ್ತರ: ಸರ್, ಸೊನ್ನೆ ಹಾಕಬೇಡಿ. ಮೊದಲು ಅಂಕಿಗಳನ್ನು ನೋಡೋಣ, ಮಕ್ಕಳ ವಿಷಯಕ್ಕೆ ಆಮೇಲೆ ಬರೋಣ.

ಎರಡು ಅಂಕಿಯೂ ನಿಜ. 2001ರ ಜನಗಣತಿಯಲ್ಲಿ ಕೋಲಾರ ಜಿಲ್ಲೆಯ ಜನಸಂಖ್ಯೆ 25 ಲಕ್ಷ 36 ಸಾವಿರ. 2011ರಲ್ಲಿ 15 ಲಕ್ಷ 36 ಸಾವಿರ. ಸುಳ್ಳಾಗಿರುವುದು ‘ಇಳಿಯಿತು’ ಎಂಬ ಒಂದೇ ಪದ. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾಯಿತಲ್ಲ! ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಚಿಂತಾಮಣಿ, ಶಿಡ್ಲಘಟ್ಟ, ಈ ಆರು ತಾಲ್ಲೂಕು ಅತ್ತ ಹೋದವು. 2011ರಲ್ಲಿ ಅಲ್ಲಿ 12 ಲಕ್ಷ 55 ಸಾವಿರ ಜನರಿದ್ದರು. ಎರಡೂ ಜಿಲ್ಲೆ ಕೂಡಿಸಿದರೆ ಸುಮಾರು 28 ಲಕ್ಷ. ಜನ ಹೆಚ್ಚಿದ್ದಾರೆ, ಎಲ್ಲೂ ಹೋಗಿಲ್ಲ.

ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕೆಜಿಎಫ್‌ನ ಮನೆಮನೆಗೂ ಅದರ ಪೆಟ್ಟು ಬಿತ್ತು. ಬರವೂ ನಿಜ, ಬೆಳಗಿನ ರೈಲು ತುಂಬಿಕೊಂಡು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮ ಜನವೂ ನಿಜ. ಆದ್ದರಿಂದಲೇ ಆ ಉತ್ತರ ಅಷ್ಟು ನಂಬುವ ಹಾಗಿದೆ. ನಿಜವಾದ ಮೂರು ಕಷ್ಟಗಳನ್ನು ತಂದು, ನಡೆಯದೇ ಇರುವ ಒಂದು ಘಟನೆಗೆ ಕಾರಣ ಅಂತ ಜೋಡಿಸಿಬಿಟ್ಟಿದೆ. ಆ ಯಂತ್ರ ಒಂದು ಮಾತಿನ ಹಿಂದೆ ಯಾವ ಮಾತು ಬರಬಹುದು ಎಂದು ಲೆಕ್ಕ ಹಾಕಿ ಪೋಣಿಸುತ್ತಾ ಹೋಗುತ್ತದೆ. ‘ಇಳಿಕೆಗೆ ಕಾರಣ ಕೊಡು’ ಎಂದು ಕೇಳಿದರೆ ಕಾರಣ ಕೊಡುತ್ತದೆ. ಇಳಿದದ್ದು ಹೌದೇ ಎಂದು ತಡೆದು ಕೇಳುವುದು ಕೇಳುವವರ ಕೆಲಸ.

ನನಗೆ ಆ 37 ಹಾಳೆಗಳ ವಿಷಯ ಓದಿ ಸಂಕಟವಾದದ್ದು ಇಲ್ಲಿ. ಕೋಲಾರ ಜಿಲ್ಲೆಯಲ್ಲೇ ಹುಟ್ಟಿ ಬೆಳೆದ ಮಕ್ಕಳು ಅವರು. ಹತ್ತು ವರ್ಷದಲ್ಲಿ ಐವರಲ್ಲಿ ಇಬ್ಬರು ಊರು ಬಿಟ್ಟಿದ್ದರೆ ನಮ್ಮ ಬೀದಿಯಲ್ಲಿ ಅರ್ಧಕ್ಕರ್ಧ ಮನೆಗೆ ಬೀಗ ಬಿದ್ದಿರಬೇಕಿತ್ತಲ್ಲ ಎಂದು ಒಬ್ಬರಿಗೂ ಅನ್ನಿಸಲಿಲ್ಲ. ಅವರಿಗೆ ಬುದ್ಧಿ ಕಮ್ಮಿ ಎಂದು ನಾನು ಹೇಳಲಾರೆ. ಅವರಿಗೆ ನೆನಪಿರುವಂದಿನಿಂದ ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯೇ. ಅಚ್ಚಾದ ಅಂಕಿಯನ್ನು ಎದುರು ಹಾಕಿಕೊಂಡು ಪ್ರಶ್ನೆ ಕೇಳಬಹುದು ಎಂದು ಒಂದನೇ ಕ್ಲಾಸಿನಿಂದ ಇಲ್ಲಿಯವರೆಗೆ ಯಾರೂ ಅವರಿಗೆ ಹೇಳಿಕೊಟ್ಟಿಲ್ಲ. ನಾವು ಕೇಳಿದ್ದು ಉತ್ತರ, ಅವರು ತಂದುಕೊಟ್ಟದ್ದೂ ಉತ್ತರ.

ಪತ್ತೆ ಮಾಡುವ ತಂತ್ರಾಂಶವನ್ನು ದಯವಿಟ್ಟು ಪಕ್ಕಕ್ಕಿಡಿ. ಚಾಟ್‌ಜಿಪಿಟಿ ತಂದ ಓಪನ್‌ಎಐ ಕಂಪನಿಯೇ ಇಂಥದ್ದೊಂದನ್ನು ಮಾಡಿ, ಸರಿಯಾಗಿ ಗುರುತಿಸುವುದಿಲ್ಲ ಎಂದು 2023ರ ಜುಲೈನಲ್ಲಿ ವಾಪಸು ತೆಗೆದುಕೊಂಡಿತು. ಅದೇ ವರ್ಷ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇಂಗ್ಲಿಷ್ ಮಾತೃಭಾಷೆಯಲ್ಲದ ವಿದ್ಯಾರ್ಥಿಗಳ 91 ಟೋಫೆಲ್ (ಇಂಗ್ಲಿಷ್ ಭಾಷಾ ಪರೀಕ್ಷೆ) ಪ್ರಬಂಧಗಳನ್ನು ಇಂಥ ಏಳು ತಂತ್ರಾಂಶಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳಲ್ಲಿ ಸರಾಸರಿ ಅರ್ಧಕ್ಕಿಂತ ಹೆಚ್ಚನ್ನು ಅವು ಯಂತ್ರದ್ದೆಂದವು. ಸರಳ ಪದ, ಸಣ್ಣ ವಾಕ್ಯ ಇದ್ದರೆ ಅವಕ್ಕೆ ಅನುಮಾನ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಡಿಗ್ರಿಗೆ ಬಂದ ಮೇಲೆ ಇಂಗ್ಲಿಷ್ ಕಲಿತ ನಮ್ಮ ಹುಡುಗಿ ಬರೆಯುವುದು ಹಾಗೆಯೇ ಅಲ್ಲವೇ? ಅವಳನ್ನು ಕರೆದು ಎರಡು ಪ್ರಶ್ನೆ ಕೇಳಿ, ಅವಳೇ ಬರೆದಳೋ ಇಲ್ಲವೋ ಐದು ನಿಮಿಷದಲ್ಲಿ ನಿಮಗೆ ತಿಳಿಯುತ್ತದೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮುಂದಿನ ಪೀರಿಯಡ್‌ನಲ್ಲಿ ಬೋರ್ಡಿನ ಮೇಲೆ ಆ ಎರಡು ಅಂಕಿ ಬರೆದು, ಕೆಳಗೆ ‘ಹತ್ತು ಲಕ್ಷ ಜನ ಎಲ್ಲಿ ಹೋದರು?’ ಎಂದು ಬರೆಯುತ್ತಿದ್ದೆ. ನಾಲ್ಕು ಜನಕ್ಕೆ ಒಂದು ಮೊಬೈಲ್ ಸಾಕು. ಎರಡೂ ಜನಗಣತಿಯ ತಾಲ್ಲೂಕುವಾರು ಪಟ್ಟಿ ಹುಡುಕಲಿ. 2001ರ ಪಟ್ಟಿಯಲ್ಲಿ ಬಾಗೇಪಲ್ಲಿ ಇದೆ, 2011ರದ್ದರಲ್ಲಿ ಇಲ್ಲ ಎಂದು ಯಾರಾದರೊಬ್ಬರು ಕೂಗಿ ಹೇಳುತ್ತಾರೆ. ಆ ಕೂಗು ಬರುವ ತನಕ ನೀವು ಬಾಯಿ ಬಿಡಬೇಡಿ ಸರ್. ಕಷ್ಟವಾಗುತ್ತದೆ, ಆದರೂ ತಡೆದುಕೊಳ್ಳಿ.

ಅಲ್ಲಿಗೆ ನಿಲ್ಲಿಸದೆ ಇನ್ನೊಂದು ಕೊಡಿ. ಶಿವನಸಮುದ್ರದಿಂದ ಕೆಜಿಎಫ್‌ಗೆ 1902ರಲ್ಲಿ ಕರೆಂಟು ಬಂತು, ಬೆಂಗಳೂರಿನ ಬೀದಿದೀಪಕ್ಕಿಂತ ಮೂರು ವರ್ಷ ಮುಂಚೆ. ಇದು ನಮ್ಮ ಹೆಮ್ಮೆ, ನಿಜವಾದ ಹೆಮ್ಮೆ. ಆದರೆ ‘ಏಷ್ಯಾದ ಮೊದಲ ಜಲವಿದ್ಯುತ್ ಕೇಂದ್ರ’ ಎಂದು ಎಷ್ಟೋ ಕಡೆ ಬರೆದಿರುತ್ತಾರಲ್ಲ, ಅದನ್ನು ಪರೀಕ್ಷೆ ಮಾಡಲು ಹೇಳಿ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೋಂಗ್‌ನಲ್ಲಿ 1897ರಲ್ಲೇ ಶುರುವಾಗಿತ್ತು, ಜಪಾನಿನ ಕ್ಯೋಟೋದಲ್ಲಿ 1891ರಲ್ಲಿ. ಮಕ್ಕಳು ಶಿವನಸಮುದ್ರದ ಪುಟವನ್ನೇ ಎಷ್ಟು ಸಲ ಓದಿದರೂ ಇದು ಸಿಗುವುದಿಲ್ಲ. ಆ ಪುಟ ಬಿಟ್ಟು ಹೊರಗೆ ಬಂದು, ಬೇರೆಯವರು ಏನು ಹೇಳುತ್ತಾರೆ ಎಂದು ವಿಚಾರಿಸಬೇಕು. 2017ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲೇ ನಡೆದ ಇನ್ನೊಂದು ಅಧ್ಯಯನದಲ್ಲಿ 10 ಇತಿಹಾಸಕಾರರು, 25 ವಿದ್ಯಾರ್ಥಿಗಳು, ಸುದ್ದಿಯ ಸತ್ಯಾಸತ್ಯ ಪರೀಕ್ಷಿಸುವ 10 ಮಂದಿ ವೃತ್ತಿಪರರು ಇದ್ದರು. ಜಾಲತಾಣಗಳನ್ನು ಕೊಟ್ಟು ನಂಬಬಹುದೇ ಎಂದು ಕೇಳಿದಾಗ, ಪಿಎಚ್.ಡಿ. ಮಾಡಿದವರೂ ಅದೇ ಪುಟದಲ್ಲಿ ಕೂತು ಓದಿ ಮೋಸಹೋದರು. ಪರೀಕ್ಷಕರು ಮಾತ್ರ ಪುಟ ತೆರೆದ ತಕ್ಷಣ ಅದನ್ನು ಬಿಟ್ಟು, ಇದನ್ನು ನಡೆಸುವವರು ಯಾರೆಂದು ಬೇರೆ ಕಡೆ ಹುಡುಕಿದರು. ಹೆಣ್ಣು ನೋಡಲು ಹೋದವರು ಆ ಮನೆಯವರನ್ನೇ ಕೇಳಿ ಬರುತ್ತಾರೆಯೇ? ಪಕ್ಕದ ಬೀದಿಯಲ್ಲಿ ವಿಚಾರಿಸುತ್ತಾರೆ.

ಪ್ರಶ್ನೆ: ಮೇಡಂ, ನಾನು ಮುಳಬಾಗಿಲಿನ ಬಿ.ಎ. ವಿದ್ಯಾರ್ಥಿನಿ. ಪುಸ್ತಕದಲ್ಲಿದ್ದರೆ ನಂಬು, ಮೊಬೈಲ್‌ನಲ್ಲಿದ್ದರೆ ನಂಬಬೇಡ ಎಂದು ಕಾಲೇಜಿನಲ್ಲಿ ಹೇಳುತ್ತಾರೆ. ಇದು ಸರಿಯೇ?

ಉತ್ತರ: ನೋಡಮ್ಮ, ಪುಸ್ತಕಗಳ ಮಧ್ಯೆಯೇ 31 ವರ್ಷ ಕಳೆದವಳು ನಾನು, ಆದರೂ ಇದನ್ನು ಒಪ್ಪಲಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬ ಹುಡುಗ ರಸಪ್ರಶ್ನೆ ಸ್ಪರ್ಧೆಗೆ ಹೊರಟಿದ್ದ, ವಿಶ್ವೇಶ್ವರಯ್ಯನವರು ಹುಟ್ಟಿದ ವರ್ಷ ಕೇಳಿದ. ಕೈಗೆ ಸಿಕ್ಕ ಪುಸ್ತಕ ತೆಗೆದು 1861 ಎಂದು ಹೇಳಿ ಕಳಿಸಿದೆ. ಅಲ್ಲಿ 1860 ಎಂದರಂತೆ, ಒಂದು ಅಂಕದಲ್ಲಿ ಸೋತು ಬಂದ. ಮಾರನೆಯ ದಿನ ನೋಡಿದರೆ ಅದೇ ಕಪಾಟಿನಲ್ಲಿ, ಎರಡು ಪುಸ್ತಕ ಆಚೆಗೆ, 1860 ಎಂದು ಅಚ್ಚಾಗಿತ್ತು. ಇವತ್ತಿಗೂ ಎರಡೂ ವರ್ಷ ಚಲಾವಣೆಯಲ್ಲಿವೆ. ಆ ಹುಡುಗನಿಗೆ ‘ಎರಡು ಅಭಿಪ್ರಾಯ ಇದೆ, ಇಂಥಿಂಥ ಪುಸ್ತಕದಲ್ಲಿ ಹೀಗಿದೆ’ ಎಂದು ಹೇಳಿ ಕಳಿಸಬೇಕಿತ್ತು. ಅವನ ಮುಖ ಇನ್ನೂ ಕಣ್ಣ ಮುಂದಿದೆ.

ಅದೇ ಹಳೆಯ ಪುಸ್ತಕಗಳಲ್ಲಿ ‘ಕೋಲಾರ ಜಿಲ್ಲೆಯ ಮುದ್ದೇನಹಳ್ಳಿ’ ಎಂದಿರುತ್ತದೆ. ನೀನು ಈಗ ಹಾಗೆ ಬರೆದರೆ ತಪ್ಪು, ಮುದ್ದೇನಹಳ್ಳಿ ಇರುವುದು ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಆದರೆ ಪುಸ್ತಕ ಬಂದ ಕಾಲಕ್ಕೆ ಅದು ಸರಿ. ಹಾಗಾಗಿ ಪುಸ್ತಕ ತೆಗೆದ ಕೂಡಲೇ ಶೀರ್ಷಿಕೆಯ ಹಿಂಬದಿ ತಿರುಗಿಸಿ ಮುದ್ರಣದ ವರ್ಷ ನೋಡು. ಮೊಬೈಲ್‌ನಲ್ಲೂ ಯಾರು ಬರೆದದ್ದು, ಯಾವಾಗ ಬರೆದದ್ದು ಎಂಬ ಎರಡನ್ನೇ ಮೊದಲು ಹುಡುಕು. ವಿಕಿಪೀಡಿಯ ನೋಡಬಾರದು ಎಂದು ನಾನು ಯಾವತ್ತೂ ಹೇಳಿಲ್ಲ. ಅಲ್ಲಿ ಓದಿ, ಪುಟದ ಕೆಳಗೆ ಕೊಟ್ಟಿರುವ ಆಧಾರಗಳಿಗೆ ಇಳಿ. ಆಧಾರ ಇಲ್ಲದ ಸಾಲನ್ನು ಅಲ್ಲೇ ಬಿಟ್ಟು ಬಾ.

ಪ್ರಶ್ನೆ: ಎಂ.ಎ. ಪ್ರಾಜೆಕ್ಟಿಗೆ ಕೆ.ಸಿ. ವ್ಯಾಲಿ ನೀರಿನ ವಿಷಯ, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ನಮ್ಮ ಕೆರೆಗಳಿಗೆ ಹರಿಸುವ ಯೋಜನೆ, ತೆಗೆದುಕೊಂಡಿದ್ದೇನೆ. ಎಐ ಕೊಟ್ಟ ಆರು ಲೇಖನಗಳಲ್ಲಿ ನಾಲ್ಕು ಎಲ್ಲೂ ಸಿಗುತ್ತಿಲ್ಲ. ಜೊತೆಗೆ ನಕಲು ಪತ್ತೆ ಮಾಡುವ ತಂತ್ರಾಂಶದಲ್ಲಿ ನನ್ನ ಕರಡಿಗೆ ಬೇರೆಯವರ ಬರಹದ ಜೊತೆ 23 ಪರ್ಸೆಂಟ್ ಹೋಲಿಕೆ ಬಂದಿದೆ, ಭಯವಾಗುತ್ತಿದೆ. – ವಿದ್ಯಾರ್ಥಿ, ಕೋಲಾರ

ಉತ್ತರ: ಸಿಗುತ್ತಿಲ್ಲ ಎಂದರೆ ಬಹುಮಟ್ಟಿಗೆ ಅವು ಇಲ್ಲವೇ ಇಲ್ಲ. ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟಸಂಖ್ಯೆ ಎಲ್ಲವನ್ನೂ ನಿಜದ ಹಾಗೆಯೇ ಕಟ್ಟಿಕೊಡುವುದು ಈ ಯಂತ್ರಗಳಿಗೆ ಸುಲಭ. ಶೀರ್ಷಿಕೆಯನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು ಗೂಗಲ್ ಸ್ಕಾಲರ್‌ನಲ್ಲಿ ಹುಡುಕು. ಡಿಒಐ (ಲೇಖನವನ್ನು ಅಂತರ್ಜಾಲದಲ್ಲಿ ಗುರುತಿಸುವ) ಸಂಖ್ಯೆ ಕೊಟ್ಟಿದ್ದರೆ ತೆರೆದು ನೋಡು, ಬೇರೆಯೇ ಲೇಖನ ಬಂದರೆ ಅಲ್ಲಿಗೆ ತೀರಿತು. ನೀನೇ ಕೈಯಲ್ಲಿ ಹಿಡಿದು ಓದದ ಒಂದೇ ಒಂದು ಲೇಖನವೂ ನಿನ್ನ ಪಟ್ಟಿಯಲ್ಲಿ ಇರಬಾರದು.

ಅದರ ಬದಲು ಶೋಧಗಂಗಾ ಜಾಲತಾಣಕ್ಕೆ ಹೋಗು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ನಡೆಸುತ್ತದೆ, ದೇಶದ ವಿಶ್ವವಿದ್ಯಾಲಯಗಳ ಪಿಎಚ್.ಡಿ. ಪ್ರಬಂಧಗಳು ಅಲ್ಲಿ ಇಡಿಯಾಗಿ, ಉಚಿತವಾಗಿ ಸಿಗುತ್ತವೆ. ನಮ್ಮ ಜಿಲ್ಲೆಯ ಕೆರೆಗಳ ಬಗ್ಗೆ ಹುಡುಕು. ಆಮೇಲೆ ಬಸ್ಸು ಹತ್ತಿ ಲಕ್ಷ್ಮೀಸಾಗರ ಕೆರೆಗೆ ಹೋಗಿ ಬಾ. 2018ರಲ್ಲಿ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರು ಮೊದಲು ಬಂದದ್ದು ಅಲ್ಲಿಗೆ. ಎರಡನೇ ಹಂತದವರೆಗೆ ಮಾತ್ರ ಶುದ್ಧ ಮಾಡಿದ ನೀರು ಅದು, ಮೂರನೇ ಹಂತವೂ ಬೇಕು ಎಂದು ನಮ್ಮವರು ಕೇಳುತ್ತಲೇ ಇದ್ದಾರೆ. ಕೊಳವೆಬಾವಿಯಲ್ಲಿ ನೀರು ಮೇಲೆ ಬಂತು ಎನ್ನುವ ರೈತರೂ ಸಿಗುತ್ತಾರೆ, ಈ ನೀರು ಬೇಡ ಎನ್ನುವವರೂ ಸಿಗುತ್ತಾರೆ. ಇಬ್ಬರ ಮಾತನ್ನೂ ಬರೆದುಕೊಂಡು, ಅಂತರ್ಜಲ ಕಚೇರಿಯ ಅಳತೆಯ ಪಕ್ಕ ಇಟ್ಟು ನೋಡು. ಇದನ್ನು ಯಾವ ಯಂತ್ರವೂ ನಿನಗಾಗಿ ಮಾಡಿಕೊಡಲಾರದು.

ಪರ್ಸೆಂಟಿನ ಭಯ ಬಿಡು. ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮದಲ್ಲಿ ಹೋಲಿಕೆ 10 ಪರ್ಸೆಂಟ್ ಒಳಗಿದ್ದರೆ ದಂಡನೆ ಇಲ್ಲ. 10ರಿಂದ 40ರ ನಡುವೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು. 40 ದಾಟಿದರೆ ಒಂದು ವರ್ಷ ಕೊಡುವ ಹಾಗಿಲ್ಲ, 60 ದಾಟಿದರೆ ನೋಂದಣಿಯೇ ರದ್ದು. ಆದರೆ ಮೂಲ ಹೇಳಿ ಉದ್ಧರಿಸಿದ ಭಾಗ, ಆಧಾರಗಳ ಪಟ್ಟಿ, ಪರಿವಿಡಿ, ಕಾನೂನುಗಳು ಲೆಕ್ಕಕ್ಕೆ ಬರುವುದಿಲ್ಲ. ನಿನ್ನ 23ರಲ್ಲಿ ಅವೆಷ್ಟಿವೆ ಎಂದು ನಿನ್ನ ಕಾಲೇಜಿನ ಗ್ರಂಥಪಾಲಕರ ಜೊತೆ ಕೂತು, ಬಣ್ಣ ಬಳಿದ ಒಂದೊಂದು ಸಾಲನ್ನೂ ನೋಡು. ನಿಜವಾಗಿ ಎತ್ತಿಕೊಂಡ ಸಾಲು ಇದ್ದರೆ ಪದ ಬದಲಿಸಿ ತಪ್ಪಿಸಿಕೊಳ್ಳಬೇಡ. ಪುಸ್ತಕ ಮುಚ್ಚಿಟ್ಟು, ನಿನ್ನ ತಾಯಿಗೆ ಹೇಳುವ ಹಾಗೆ ಹೇಳಿ, ಹಾಗೇ ಬರೆ. ಮೂಲದ ಹೆಸರನ್ನೂ ಹಾಕು.

ಪ್ರಶ್ನೆ: ಅಕ್ಕಾ, ನಾವು ಟೊಮೆಟೊ ಬೆಳೆಯುವವರು. ಮಗಳು ಬಿ.ಎಸ್ಸಿ. ಓದುತ್ತಾಳೆ, ಇಡೀ ದಿನ ಮೊಬೈಲ್ ಕೈಯಲ್ಲೇ. ಓದುತ್ತಿದ್ದೀನಪ್ಪ ಅನ್ನುತ್ತಾಳೆ. ನನಗೆ ಓದು ಅಷ್ಟಕ್ಕಷ್ಟೆ. ಕಿತ್ತಿಟ್ಟುಕೊಳ್ಳಲೇ? – ಒಬ್ಬ ತಂದೆ, ಕೋಲಾರ ತಾಲ್ಲೂಕು

ಉತ್ತರ: ಕಿತ್ತುಕೊಳ್ಳಬೇಡಿ ಅಣ್ಣ. ಐಐಟಿ ಖರಗ್‌ಪುರದವರು ನಡೆಸುವ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯದಂಥವು ಅದರಲ್ಲೇ ಇವೆ, ದುಡ್ಡು ಕೊಡಬೇಕಿಲ್ಲ, ಅವಳು ನಿಜವಾಗಿ ಓದುತ್ತಿರಬಹುದು. ಓದು ಅಷ್ಟಕ್ಕಷ್ಟೆ ಎಂದು ನೀವು ಬರೆದಿದ್ದೀರಿ, ಆದರೆ ಅವಳಿಗೆ ಹೇಳಿಕೊಡಬೇಕಾದ್ದು ನಿಮಗೆ ಚೆನ್ನಾಗಿ ಗೊತ್ತು. ಮಾಲು ಕೀಳಿಸುವ ಹಿಂದಿನ ರಾತ್ರಿ 15 ಕೆ.ಜಿ. ಬಾಕ್ಸಿಗೆ ರೇಟು ಎಷ್ಟಿದೆ ಎಂದು ಒಂದೇ ಮಂಡಿಯವರನ್ನು ಕೇಳಿ ಸುಮ್ಮನಾಗುತ್ತೀರಾ? ಇನ್ನೊಬ್ಬರಿಗೆ ಫೋನ್ ಮಾಡುತ್ತೀರಿ, ಆ ದಿನ ಮಾಲು ಹಾಕಿ ಬಂದ ಪಕ್ಕದ ಹೊಲದವರನ್ನು ಕೇಳುತ್ತೀರಿ, ರೇಟು ಹೇಳಿದವರಿಗೆ ಅದರಲ್ಲಿ ಏನು ಲಾಭ ಎಂದೂ ಯೋಚಿಸುತ್ತೀರಿ. ಮುಂದಿನ ಸಲ ಫೋನ್ ಮಾಡುವಾಗ ಅವಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಆಮೇಲೆ, ಇವತ್ತು ಮೊಬೈಲ್‌ನಲ್ಲಿ ಏನು ಓದಿದೆ, ಅದನ್ನು ಇನ್ನು ಯಾರ ಹತ್ತಿರ ವಿಚಾರಿಸಿದೆ ಎಂದು ಕೇಳಿ.