ತಂಗಿಗೆ ಸ್ಕಿಜೋಫ್ರೇನಿಯಾ ಇದೆ, ಆಂಟಿಆಕ್ಸಿಡೆಂಟ್ ಮಾತ್ರೆ ಕೊಡಬಹುದೇ?

ಕಿವಿಯಲ್ಲಿ ಮಾತು ಕೇಳಿಸುವುದು ನಿಂತರೂ ತಂಗಿ ಇಡೀ ದಿನ ಗೋಡೆಗೆ ಮುಖ ಮಾಡಿ ಮಲಗಿರುತ್ತಾಳೆ, ಪರಿಚಯದವರೊಬ್ಬರು ಆಂಟಿಆಕ್ಸಿಡೆಂಟ್ ಡಬ್ಬ ತಂದುಕೊಟ್ಟು ‘ಇದನ್ನ ಶುರುಮಾಡಿ, ಆಸ್ಪತ್ರೆ ಮಾತ್ರೆ ನಿಧಾನಕ್ಕೆ ಬಿಡಿಸಿ’ ಅಂದಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಬಿಡಿಸಬೇಡಿ. ಮಿಕ್ಕಿದ್ದೆಲ್ಲ ಆಮೇಲೆ.

ನಮ್ಮದು ಮಂಡ್ಯದ ಪಕ್ಕದ ಹಳ್ಳಿ. ನನ್ನ ತಮ್ಮನಿಗೆ ಈ ಕಾಯಿಲೆ ಬಂದು 11 ವರ್ಷ. ನೆಂಟರ ಮಾತು ಕೇಳಿ ಒಂದು ಸಲ ಅವನ ಆಸ್ಪತ್ರೆ ಮಾತ್ರೆ ರಿಸ್ಪೆರಿಡೋನ್ ನಿಲ್ಲಿಸಿ ವಿಟಮಿನ್ ಹಿಡಿದೆವು. ಮೂರು ವಾರ ಲವಲವಿಕೆಯಿಂದಿದ್ದ, ಅವ್ವ ತುಪ್ಪದ ದೀಪ ಹಚ್ಚಿದಳು. ಆಮೇಲೆ ನಿದ್ದೆ ಹಾರಿಹೋಯಿತು. ಒಂದು ರಾತ್ರಿ ಹುಡುಕಿಕೊಂಡು ಹೋದರೆ ಕಬ್ಬಿನ ಗದ್ದೆ ಬದುವಿನ ಮೇಲೆ ಕೂತು, ಅಲ್ಲಿಲ್ಲದ ಯಾರಿಗೋ ಉತ್ತರ ಕೊಡುತ್ತಿದ್ದ. ಮೈಸೂರಿನಲ್ಲಿ ಅಡ್ಮಿಟ್ ಮಾಡಿ, ಅವನು ಮತ್ತೆ ನಮ್ಮ ಜೊತೆ ಕೂತು ಊಟ ಮಾಡುವ ಹೊತ್ತಿಗೆ ಎಂಟು ತಿಂಗಳಾಗಿತ್ತು.

ಹಾಗಂತ ನಿಮಗೆ ಡಬ್ಬ ಕೊಟ್ಟವರು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ. ಜೀವಕೋಶಗಳು ಕೆಲಸ ಮಾಡುವಾಗ ಹುಟ್ಟುವ ಹಾನಿಕಾರಕ ಕಣಗಳನ್ನು ತಣಿಸುವ ವಸ್ತುಗಳೇ ಆಂಟಿಆಕ್ಸಿಡೆಂಟ್; ದೇಹವೇ ತಯಾರಿಸುವ ಅಂಥದ್ದೊಂದು ಗ್ಲುಟಾಥಿಯೋನ್. ಈ ಕಾಯಿಲೆ ಇರುವ ಕೆಲವರ ಮೆದುಳಿನಲ್ಲಿ ಅದು ಕಡಿಮೆ ಇರುವುದು ಕಂಡಿದೆ. ದೇಹ ಅದನ್ನು ತಯಾರಿಸಿಕೊಳ್ಳಲು ಬೇಕಾದ ಸಾಮಾನು ಕೊಡುವುದು ಎನ್‌ಎಸಿ, ಅಂದರೆ ಎನ್-ಅಸಿಟೈಲ್ ಸಿಸ್ಟೀನ್. ಕಫ ಕರಗಿಸಲು ಕೊಡುವುದೂ ಪ್ಯಾರಾಸಿಟಮಾಲ್ ವಿಪರೀತ ನುಂಗಿದವರನ್ನು ಉಳಿಸುವುದೂ ಇದೇ ಔಷಧ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 140 ಜನರಲ್ಲಿ ಅರ್ಧದಷ್ಟು ಮಂದಿಗೆ ಮಾಮೂಲಿ ಮಾತ್ರೆಯ ಜೊತೆಗೇ ದಿನಕ್ಕೆ 2 ಗ್ರಾಂ ಎನ್‌ಎಸಿ, ಉಳಿದವರಿಗೆ ಔಷಧವಿಲ್ಲದ ಹುಸಿ ಮಾತ್ರೆ ಕೊಟ್ಟು 24 ವಾರ ನೋಡಿದರು. ಎನ್‌ಎಸಿ ತಗೊಂಡವರಲ್ಲಿ ಮಾತು ಬೇಡ, ಸ್ನಾನ ಬೇಡ, ಯಾವುದೂ ಬೇಡ ಅನ್ನುವ ಲಕ್ಷಣಗಳು ತುಸು ಇಳಿದವು. ನಿಮ್ಮ ತಂಗಿಗಿರುವುದೂ ಅದೇ ತೊಂದರೆ. ಆದರೆ ಬೇರೆ ಮಾತ್ರೆಗೆ ಬಗ್ಗದಾಗ ಕೊಡುವ ಕ್ಲೋಜಪಿನ್ ತಗೊಂಡೂ ಪೂರ್ತಿ ಗುಣವಾಗದವರಿಗೆ ಎನ್‌ಎಸಿ ಒಂದು ವರ್ಷ ಕೊಟ್ಟು ನೋಡಿದ 2022ರ ಅಧ್ಯಯನದಲ್ಲಿ ಪ್ರಯೋಜನ ಕಾಣಲಿಲ್ಲ. 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟಿಗೆ ಹಾಕಿ ಪರಿಶೀಲಿಸುವ ಸಂಸ್ಥೆಯಾದ ಕಾಕ್ರೇನ್‌ನವರು ಗಿಂಕ್ಗೊ ಅನ್ನುವ ಮರದ ಎಲೆಯ ಸಾರ, ವಿಟಮಿನ್ ಸಿ, ಇ ಎಲ್ಲ ಸೇರಿಸಿ 22 ಅಧ್ಯಯನ ಜಾಲಾಡಿದಾಗಲೂ ಭರವಸೆಯಿಂದ ಹೇಳುವಂಥ ಪುರಾವೆ ಸಿಗಲಿಲ್ಲ. ಈ ಅಧ್ಯಯನಗಳಲ್ಲಿ ಆಂಟಿಆಕ್ಸಿಡೆಂಟನ್ನು ಆಸ್ಪತ್ರೆ ಮಾತ್ರೆಯ ಜೊತೆಗೆ ಕೊಟ್ಟಿದ್ದರು ಅನ್ನುವುದನ್ನು ನಿಮ್ಮ ಪರಿಚಯದವರಿಗೂ ತಿಳಿಸಿ.

ತಮ್ಮನಿಗೆ ಡಾಕ್ಟರೇ ಆಮೇಲೆ ಎನ್‌ಎಸಿ ಸೇರಿಸಿದರು. ನೀರಿಗೆ ಹಾಕಿದರೆ ಬುಸ್ಸೆಂದು ನೊರೆ ಬರುವ ಮಾತ್ರೆ, ಕೊಳೆತ ಮೊಟ್ಟೆಯಂಥ ವಾಸನೆ. ನೊರೆ ಇಳಿಯೋವರೆಗೂ ಸ್ಟೀಲ್ ಲೋಟದ ಬಾಯಿಗೆ ಅಂಗೈ ಮುಚ್ಚಿಕೊಂಡು ಕೂತಿರುತ್ತಾನೆ. ಮೊದಲ ಮೂರು ತಿಂಗಳು ಏನೂ ಕಾಣಲಿಲ್ಲ. ಐದನೇ ತಿಂಗಳು ಒಂದು ಸಂಜೆ ನಾನು ಗದ್ದೆಯಿಂದ ಬಂದಾಗ ‘ಅಣ್ಣ, ಕಾಫಿ ಕುಡುದ್ಯಾ?’ ಅಂದ. ಅವನಾಗಿಯೇ ಕೇಳಿದ್ದು ವರ್ಷಗಳ ನಂತರ. ಅದು ಎನ್‌ಎಸಿಯಿಂದಲೋ, ಹಟ ಹಿಡಿದು ದಿನಾ ಬೆಳಿಗ್ಗೆ ನಾಲೆ ಏರಿ ಮೇಲೆ ನಡೆಸಿದ್ದರಿಂದಲೋ ಬೇರ್ಪಡಿಸಿ ಹೇಳಲಾರೆ. ನನಗೆ ಮಾತ್ರ ಕಣ್ಣು ತುಂಬಿ ಬಂತು.

ಆ ಡಬ್ಬವನ್ನು ಲೇಬಲ್ ಸಮೇತ ಡಾಕ್ಟರಿಗೆ ತೋರಿಸಿ. ಅದರಲ್ಲಿ ಗಿಂಕ್ಗೊ ಇದ್ದು ತಂಗಿ ಆಸ್ಪಿರಿನ್ ತಗೊಳ್ಳುತ್ತಿದ್ದರೆ ರಕ್ತಸ್ರಾವದ ಅಪಾಯವಿದೆ. ಅಸ್ತಮಾ ಇದ್ದರೆ ಎನ್‌ಎಸಿ ವಿಷಯದಲ್ಲೂ ಹುಷಾರು. ಡಾಕ್ಟರು ಸರಿ ಅಂದರೆ ಶುರು ಮಾಡಿದ ದಿನದಿಂದ ನೋಟ್‌ಬುಕ್ಕಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಎದ್ದಳು, ತಾನಾಗಿ ಸ್ನಾನ ಮಾಡಿದಳಾ, ತಾನಾಗಿ ಯಾರನ್ನಾದರೂ ಮಾತಾಡಿಸಿದಳಾ. ಆರು ತಿಂಗಳಾದ ಮೇಲೆ ಮುಂದುವರಿಸಬೇಕೋ ಬಿಡಬೇಕೋ ಅಂತ ಅದನ್ನು ನೋಡಿಯೇ ಡಾಕ್ಟರು ಹೇಳುತ್ತಾರೆ. ಅಷ್ಟರಲ್ಲಿ ಗಾಬರಿಯಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.