ಪ್ರತಿಕ್ರಿಯೆ: ‘ಹೌಸ್ಕ’ ಅಂದರೆ ಬರೀ ತಮಾಷೆಯಲ್ಲ

ಫಿನ್ನಿಶ್ ಸಹೋದ್ಯೋಗಿ ಮೊದಲ ಭೇಟಿಯಲ್ಲಿ ‘ಹೌಸ್ಕ ತವತ’ ಎಂದರು, ನಿಘಂಟಿನಲ್ಲಿ ‘ಹೌಸ್ಕ’ ಎಂದರೆ ತಮಾಷೆ ಎಂದಿದೆ, ನನ್ನನ್ನು ಗೇಲಿ ಮಾಡಿದರೇ ಎಂದು ಕೇಳಿದ್ದೀರಿ. ಖಂಡಿತ ಇಲ್ಲ. ಅದು ‘ನಿಮ್ಮನ್ನು ಕಂಡು ಸಂತೋಷವಾಯಿತು’ ಎನ್ನುವ ರೂಢಿಯ ಮಾತು. ‘ತವತ’ ಎಂದರೆ ಭೇಟಿಯಾಗುವುದು. ನಗು ಬರಿಸುವ ಜೋಕು ‘ಹೌಸ್ಕ ವಿತ್ಸಿ’. ಹಾಯಾಗಿ ಕಳೆದ ಸಂಜೆಯೂ ‘ಹೌಸ್ಕ ಇಲ್ತ’. ಗೇಲಿ ಮಾಡುವುದೇ ಆಗಿದ್ದರೆ ‘ನೌರೆತ್ತವ’, ಅಂದರೆ ನಗೆಪಾಟಲಿನ, ಎಂಬ ಬೇರೆ ಪದವೇ ಇದೆ.

ನಮ್ಮವರು ಎಡವುವುದು ಇನ್ನೊಂದು ಕಡೆ. ‘ತಮಾಷೆಯ ಪುಸ್ತಕದಲ್ಲಿ’ ಎನ್ನುವಾಗ ನಾವು ವಿಭಕ್ತಿಯನ್ನು ಪುಸ್ತಕಕ್ಕೆ ಮಾತ್ರ ಅಂಟಿಸುತ್ತೇವೆ. ಫಿನ್ನಿಶ್ ಭಾಷೆಯಲ್ಲಿ ಗುಣವಾಚಕಕ್ಕೂ ಬೇಕು: ‘ಹೌಸ್ಕಸ್ಸ ಕಿರ್ಯಸ್ಸ’. ‘ತಮಾಷೆಯಲ್ಲಿ ಪುಸ್ತಕದಲ್ಲಿ’ ಎಂದಂತೆ! ನನಗಂತೂ ಇದು ರೂಢಿಯಾಗಲು ತಿಂಗಳುಗಳೇ ಹಿಡಿದವು. ಸದ್ಯಕ್ಕೆ ನಾಳೆ ಅವರು ಸಿಕ್ಕರೆ, ಮುಖ ಗಂಟಿಕ್ಕಬೇಡಿ.