ಒಂದೇ ಕಾರು, ಐದು ದೇಶ: ಓದುಗರ ಪ್ರಶ್ನೆ, ನಮ್ಮ ಉತ್ತರ

ಯುರೋಪಿನಲ್ಲಿ ಬಾಡಿಗೆ ಕಾರು ಹಿಡಿದು ಹಲವು ದೇಶ ಸುತ್ತುವ ಬಗ್ಗೆ ಬಂದ ಪ್ರಶ್ನೆಗಳಲ್ಲಿ, ಒಂದೇ ಮಾರ್ಗಕ್ಕೆ ಸಂಬಂಧಿಸಿದವನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಮ್ಯೂನಿಕ್‌ನಿಂದ ಹೊರಟು ಸಾಲ್ಜ್‌ಬರ್ಗ್, ಲ್ಯುಬ್ಲಿಯಾನಾ, ಸ್ಪ್ಲಿಟ್ ಮೂಲಕ ಡುಬ್ರೊವ್ನಿಕ್ ಸೇರಬೇಕೆಂದಿದ್ದೇವೆ. ನಡುವೆ ಒಂದು ದಿನ ಬೋಸ್ನಿಯಾದ ಮೊಸ್ತಾರ್ ನೋಡುವ ಆಸೆಯಿದೆ. ಒಟ್ಟು ಹದಿನಾಲ್ಕು ದಿನ. ಈಗಲೇ ಹೋಟೆಲ್ ಬುಕ್ ಮಾಡಿಬಿಡಬಹುದೇ?

ಉತ್ತರ: ಹೋಟೆಲ್ ಆಮೇಲೆ. ಮೊದಲು ಯಾವ ಯಾವ ದೇಶ ಎಂಬ ಪಟ್ಟಿ ಗಟ್ಟಿಯಾಗಲಿ. ವೀಸಾ, ಕಾರಿನ ಕರಾರು, ವಿಮೆ, ರಸ್ತೆ ಸುಂಕ ಎಲ್ಲವೂ ಆ ಪಟ್ಟಿಯನ್ನೇ ಅವಲಂಬಿಸಿವೆ. ಆಮೇಲೆ ಒಂದು ದೇಶ ಸೇರಿಸಿದರೂ ನಾಲ್ಕು ಕಡೆ ತಿದ್ದಬೇಕಾಗುತ್ತದೆ.

ನಿಮ್ಮ ಪಟ್ಟಿಯಲ್ಲಿ ಜರ್ಮನಿ, ಆಸ್ಟ್ರಿಯಾ, ಸ್ಲೊವೇನಿಯಾ, ಕ್ರೊಯೇಷಿಯಾ ಷೆಂಗೆನ್ ಒಳಗಿವೆ, ಅಂದರೆ ಒಂದೇ ವೀಸಾದಲ್ಲಿ ಸುತ್ತಬಹುದಾದ ಐರೋಪ್ಯ ದೇಶಗಳ ವಲಯದೊಳಗೆ. ಕ್ರೊಯೇಷಿಯಾ ಅದಕ್ಕೆ ಸೇರಿದ್ದು 2023ರ ಜನವರಿ 1ರಂದು, ಹಾಗಾಗಿ ಅದಕ್ಕಿಂತ ಹಳೆಯ ಪ್ರವಾಸ ಪುಸ್ತಕ ನಂಬಬೇಡಿ. ಬೋಸ್ನಿಯಾ ಷೆಂಗೆನ್ ಹೊರಗಿದೆ. ಮೊಸ್ತಾರ್‌ಗೆ ಹೋದಿರೆಂದರೆ ಷೆಂಗೆನ್ ವಲಯ ಬಿಟ್ಟಂತೆಯೇ ಲೆಕ್ಕ. ಮರಳಿ ಬರಲು ಬಹುಪ್ರವೇಶದ ವೀಸಾ ಇರಲೇಬೇಕು. ಸಿಕ್ಕಿದ್ದು ಏಕಪ್ರವೇಶದ ವೀಸಾ ಆದರೆ ಮೊಸ್ತಾರ್ ಆಸೆ ಬಿಟ್ಟುಬಿಡಿ. ಗಡಿಯಲ್ಲಿ ಕೇಳಿ ನೋಡೋಣ ಅನ್ನುವ ವಿಷಯ ಇದಲ್ಲ.

ಇದರಲ್ಲೇ ಇನ್ನೊಂದು ತೊಡಕಿದೆ. ಸ್ಪ್ಲಿಟ್‌ನಿಂದ ಡುಬ್ರೊವ್ನಿಕ್‌ಗೆ ಹೋಗುವ ಹಳೆಯ ಕರಾವಳಿ ರಸ್ತೆ ನೇಉಮ್ ಎಂಬಲ್ಲಿ ಬೋಸ್ನಿಯಾದ ಸಣ್ಣ ಪಟ್ಟಿಯನ್ನು ದಾಟುತ್ತದೆ. ಅದನ್ನು ತಪ್ಪಿಸಲೆಂದೇ ಕಟ್ಟಿದ ಪೆಲ್ಯೆಶಾಟ್ಸ್ ಸೇತುವೆ 2022ರ ಜುಲೈನಲ್ಲಿ ತೆರೆಯಿತು. ಉದ್ದ 2,404 ಮೀಟರ್, ಟೋಲ್ ಇಲ್ಲ. ಅದರ ಮೇಲೆ ಹೋದರೆ ಕ್ರೊಯೇಷಿಯಾ ಬಿಡುವ ಪ್ರಮೇಯವೇ ಬರುವುದಿಲ್ಲ. ನ್ಯಾವಿಗೇಷನ್ ಕೆಲವೊಮ್ಮೆ ನೇಉಮ್ ದಾರಿ ತೋರಿಸೀತು. ಸೇತುವೆಯ ಈಚೆ ದಡದ ಕೊಮಾರ್ನಾ ಊರನ್ನು ನಡುವಿನ ತಾಣವಾಗಿ ಸೇರಿಸಿಕೊಳ್ಳಿ.

ವೀಸಾ ಅರ್ಜಿ ಹಾಕಬೇಕಾದದ್ದು ಹೆಚ್ಚು ರಾತ್ರಿ ತಂಗುವ ದೇಶಕ್ಕೆ, ಅಂದರೆ ನಿಮ್ಮ ವಿಷಯದಲ್ಲಿ ಬಹುಶಃ ಕ್ರೊಯೇಷಿಯಾಕ್ಕೆ. ವಿಮಾನ ಮ್ಯೂನಿಕ್‌ನಲ್ಲಿ ಇಳಿಯುತ್ತದೆಂದು ಜರ್ಮನಿಗೆ ಹಾಕಬೇಡಿ. ರಾತ್ರಿಗಳು ಸಮಸಮವಾದರೆ ಮಾತ್ರ ಮೊದಲು ಪ್ರವೇಶಿಸುವ ದೇಶ. ಪ್ರವಾಸ ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು. ಉಳಿಯುವ ದಿನ ಎಣಿಸುವಾಗ ಬಂದ ದಿನ, ಹೊರಟ ದಿನ ಎರಡನ್ನೂ ಸೇರಿಸಿ.

ದೂರ ಒಟ್ಟು 1,100 ಕಿಲೋಮೀಟರ್ ಆಸುಪಾಸು, ಹದಿನಾಲ್ಕು ದಿನಕ್ಕೆ ಧಾರಾಳ. ಆದರೆ ಜುಲೈ, ಆಗಸ್ಟ್ ಶನಿವಾರಗಳಲ್ಲಿ ಸಾಲ್ಜ್‌ಬರ್ಗ್‌ನಿಂದ ದಕ್ಷಿಣಕ್ಕೆ ಹೊರಡಬೇಡಿ. ಕಡಲತೀರದ ಬಾಡಿಗೆ ಮನೆಗಳು ವಾರಕ್ಕೊಮ್ಮೆ ಶನಿವಾರವೇ ಕೈಬದಲಾಗುವುದು ರೂಢಿ. ಹೋಗುವವರು, ಬರುವವರು ಒಂದೇ ದಿನ ರಸ್ತೆಗಿಳಿದು ಟೌವರ್ನ್, ಕಾರವಾಂಕೆನ್ ಸುರಂಗಗಳ ಮುಂದೆ ಗಂಟೆಗಟ್ಟಲೆ ಸಾಲು ನಿಲ್ಲುತ್ತದೆ. ಅದೇ ದಾರಿ ಮಂಗಳವಾರವೋ ಬುಧವಾರವೋ ಸಲೀಸು.

ಪ್ರಶ್ನೆ: ಮ್ಯೂನಿಕ್‌ನಲ್ಲಿ ತೆಗೆದ ಕಾರನ್ನು ಡುಬ್ರೊವ್ನಿಕ್‌ನಲ್ಲಿ ಬಿಡಬಹುದೇ? ಬುಕಿಂಗ್‌ನಲ್ಲಿ ‘ಅನ್‌ಲಿಮಿಟೆಡ್ ಕಿಲೋಮೀಟರ್’ ಅಂತಿದೆ.

ಉತ್ತರ: ಕಿಲೋಮೀಟರ್‌ಗೆ ಮಿತಿ ಇಲ್ಲ ಅಂದರೆ ದೇಶಗಳಿಗೂ ಇಲ್ಲ ಅಂತಲ್ಲ. ಇವೆರಡು ಬೇರೆ ಬೇರೆ ಷರತ್ತು.

ಬೇರೆ ದೇಶದಲ್ಲಿ ಕಾರು ಬಿಟ್ಟರೆ ವಾಪಸಾತಿ ಶುಲ್ಕ ಬೀಳುತ್ತದೆ. ಅದು ಎಷ್ಟೋ ಸಲ ಬಾಡಿಗೆಯನ್ನೇ ಮೀರಿಸುತ್ತದೆ, ಏಕೆಂದರೆ ಆ ಕಾರನ್ನು ಯಾರಾದರೂ ಖಾಲಿಯಾಗಿ ತಾಯ್ನಾಡಿಗೆ ಓಡಿಸಿಕೊಂಡು ಹೋಗಬೇಕು. ನಮ್ಮ ಸಲಹೆ: ಒಂದೋ ಸುತ್ತು ಹಾಕಿ ಮ್ಯೂನಿಕ್‌ಗೇ ಮರಳಿ, ಇಲ್ಲವೇ ಮೊದಲ ಭಾಗ ರೈಲಿನಲ್ಲಿ ಮುಗಿಸಿ ಝಾಗ್ರೆಬ್‌ನಲ್ಲಿ ಕಾರು ಹಿಡಿದು ಡುಬ್ರೊವ್ನಿಕ್‌ನಲ್ಲಿ ಬಿಡಿ. ಒಂದೇ ದೇಶದೊಳಗೆ ಊರು ಬದಲಿಸುವ ಶುಲ್ಕ ಅದರ ಮುಂದೆ ಏನೂ ಅಲ್ಲ.

ಗಡಿ ದಾಟುವ ಅನುಮತಿಯನ್ನು ಬುಕ್ ಮಾಡುವ ಮೊದಲೇ ಬರಹದಲ್ಲಿ ಕೇಳಿ, ಪ್ರತಿ ದೇಶದ ಹೆಸರು ಹಿಡಿದು. ‘ಯುರೋಪ್’ ಅಂತ ಒಂದೇ ಪದ ಬರೆದ ಉತ್ತರ ಸಾಲದು. ದುಬಾರಿ ಬ್ರ್ಯಾಂಡ್‌ನ ಕಾರುಗಳನ್ನು ಬೋಸ್ನಿಯಾದಂಥ ಕಡೆಗೆ ಎಷ್ಟೋ ಕಂಪನಿಗಳು ಬಿಡುವುದಿಲ್ಲ. ಸಾಧಾರಣ ಹ್ಯಾಚ್‌ಬ್ಯಾಕ್ ಆದರೆ ಹೆಚ್ಚುವರಿ ಶುಲ್ಕಕ್ಕೆ ಒಪ್ಪಿಯಾರು. ಅನುಮತಿ ಇಲ್ಲದೆ ದಾಟಿ ಅಪಘಾತವಾದರೆ ವಿಮೆ ಕೈಕೊಡುತ್ತದೆ, ಪೂರ್ತಿ ಕಾರಿನ ಬೆಲೆ ನಿಮ್ಮ ತಲೆಗೆ. ಕಾರಿನ ವಿಮೆ ಬೋಸ್ನಿಯಾದಲ್ಲೂ ನಡೆಯುತ್ತದೆಯೇ ಎಂದು ಕೌಂಟರ್‌ನಲ್ಲೇ ನೋಡಿಕೊಳ್ಳಿ.

ವಿಮೆಯಲ್ಲಿ ನೋಡಬೇಕಾದ ಅಂಕಿ ‘ಎಕ್ಸೆಸ್’: ಹಾನಿಯಾದಾಗ ನಿಮ್ಮ ಜೇಬಿನಿಂದ ಹೋಗುವ ಪಾಲು. ಅದನ್ನು ಸೊನ್ನೆಗಿಳಿಸುವ ಪಾಲಿಸಿಯನ್ನು ಹೊರಗಿನ ಕಂಪನಿಯಿಂದ ಅಗ್ಗಕ್ಕೆ ಕೊಳ್ಳಬಹುದು, ಆದರೆ ಆಗ ಮೊದಲು ನೀವು ಕಟ್ಟಿ ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಕೌಂಟರ್‌ನವರು ಪೂರ್ತಿ ಎಕ್ಸೆಸ್ ಮೊತ್ತವನ್ನು ಕಾರ್ಡಿನ ಮೇಲೆ ತಡೆಹಿಡಿಯುತ್ತಾರೆ. ಆ ಕ್ರೆಡಿಟ್ ಕಾರ್ಡ್ ಮುಖ್ಯ ಚಾಲಕರ ಹೆಸರಿನಲ್ಲೇ ಇರಬೇಕು, ಅಷ್ಟು ಮಿತಿಯೂ ಉಳಿದಿರಬೇಕು. ಕೀ ಕೊಡದೆ ಕಳಿಸುವುದು ಹೆಚ್ಚಾಗಿ ಈ ಕಾರಣಕ್ಕೇ. ಟೈರು, ಗಾಜು, ಚಾವಣಿ, ತಳಭಾಗ ಇವು ಮೂಲ ವಿಮೆಯಲ್ಲಿ ಸಾಮಾನ್ಯವಾಗಿ ಸೇರಿರುವುದಿಲ್ಲ.

ಕಾರು ಕೈಗೆ ಬಂದಾಗ ವಿಡಿಯೋ ಮಾಡಿ. ಬಾಗಿಲುಗಳನ್ನು ಎಲ್ಲರೂ ತೆಗೆಯುತ್ತಾರೆ. ತಪ್ಪಿಹೋಗುವುದು ನಾಲ್ಕೂ ಚಕ್ರಗಳ ರಿಮ್ಮಿನ ಅಂಚು, ಮುಂದಿನ ಬಂಪರಿನ ಅಡಿ, ವಿಂಡ್‌ಸ್ಕ್ರೀನ್‌ನ ಸಣ್ಣ ಕಲ್ಲೇಟು. ಬಗ್ಗಿ, ಮೊಬೈಲನ್ನು ನೆಲಕ್ಕೆ ಹತ್ತಿರ ಹಿಡಿದು, ಬಂಪರಿನ ಅಡಿಯನ್ನು ಈ ತುದಿಯಿಂದ ಆ ತುದಿಗೆ ತೆಗೆಯಿರಿ. ಡ್ಯಾಶ್‌ಬೋರ್ಡ್‌ನಲ್ಲಿ ಇಂಧನ, ಕಿಲೋಮೀಟರ್ ಎರಡೂ ಕಾಣಲಿ. ಎಚ್ಚರಿಕೆ ತ್ರಿಕೋನ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಪ್ರತಿಫಲಕ ಅಂಗಿ ಇವೆಯೇ ಎಣಿಸಿ. ಅಂಗಿ ಡಿಕ್ಕಿಯಲ್ಲಿದ್ದರೆ ಹೊರತೆಗೆದು ಸೀಟಿನ ಬಳಿ ಇಡಿ. ಹೆದ್ದಾರಿಯಲ್ಲಿ ಕಾರು ಕೆಟ್ಟರೆ ಅದನ್ನು ತೊಟ್ಟೇ ಇಳಿಯಬೇಕು.

ಪ್ರಶ್ನೆ: ಆಸ್ಟ್ರಿಯಾದ ವಿಗ್ನೆಟ್ (ಇಂತಿಷ್ಟು ದಿನ ಹೆದ್ದಾರಿ ಬಳಸಲು ಮೊದಲೇ ಕಟ್ಟುವ ಸುಂಕದ ಚೀಟಿ) ಕೊಂಡರೆ ಮುಂದಿನ ದೇಶಗಳಿಗೂ ನಡೆಯುತ್ತದೆಯೇ?

ಉತ್ತರ: ಇಲ್ಲ, ಪ್ರತಿ ದೇಶದ್ದೂ ಪ್ರತ್ಯೇಕ. ಜರ್ಮನಿಯಲ್ಲಿ ಕಾರುಗಳಿಗೆ ಹೆದ್ದಾರಿ ಸುಂಕ ಇಲ್ಲ. ಆಸ್ಟ್ರಿಯಾದಲ್ಲಿ ಒಂದು ದಿನದ, ಹತ್ತು ದಿನದ ವಿಗ್ನೆಟ್ ಸಿಗುತ್ತದೆ. ಅದಿದ್ದರೂ ಎ10 ಹೆದ್ದಾರಿಯ ಟೌವರ್ನ್ ಭಾಗಕ್ಕೂ ಸ್ಲೊವೇನಿಯಾಕ್ಕೆ ದಾಟಿಸುವ, ಸುಮಾರು 8 ಕಿಲೋಮೀಟರ್ ಉದ್ದದ ಕಾರವಾಂಕೆನ್ ಸುರಂಗಕ್ಕೂ ಬೇರೆಯೇ ಟೋಲ್ ಕಟ್ಟಬೇಕು. ಸುರಂಗದ ಆಚೆ ಬಾಯಲ್ಲೇ ಸ್ಲೊವೇನಿಯಾದ ಹೆದ್ದಾರಿ ಶುರು, ಆದ್ದರಿಂದ ಅಲ್ಲಿಯ ವಿಗ್ನೆಟ್ ಒಳಹೊಗುವ ಮೊದಲೇ ಖರೀದಿಯಾಗಿರಬೇಕು. ಹೋಗುವ ದಾರಿಗೆ ವಾರದ್ದು ಸಾಕು. ಕ್ರೊಯೇಷಿಯಾದಲ್ಲಿ ವಿಗ್ನೆಟ್ ಪದ್ಧತಿ ಇಲ್ಲ, ಓಡಿದ ದೂರಕ್ಕೆ ತಕ್ಕ ಟೋಲ್.

ಆನ್‌ಲೈನ್ ವಿಗ್ನೆಟ್ ಅಂಟುವುದು ಕಾರಿನ ನಂಬರಿಗೆ. ಬಾಡಿಗೆ ಕಾರಿನ ನಂಬರು ಮೊದಲೇ ಗೊತ್ತಾಗುವುದಿಲ್ಲ, ಹಾಗಾಗಿ ಕೀ ಸಿಕ್ಕ ಮೇಲೆ, ನಂಬರ್ ಪ್ಲೇಟ್ ಮುಂದೆ ನಿಂತು ಕೊಳ್ಳಿ. ಸೊನ್ನೆಗೆ ಬದಲಾಗಿ ಇಂಗ್ಲಿಷ್ ‘ಓ’ ಅಕ್ಷರ ಒತ್ತುವುದು, ನೋಂದಣಿ ದೇಶವನ್ನು ಜರ್ಮನಿ ಎಂದು ಆರಿಸುವ ಬದಲು ಆಸ್ಟ್ರಿಯಾ ಎಂದು ಬಿಡುವುದು: ಈ ಎರಡು ತಪ್ಪುಗಳಲ್ಲಿ ಹಣ ಕೊಟ್ಟೂ ದಂಡ ಬೀಳುತ್ತದೆ. ಕ್ಯಾಮೆರಾಗೆ ನಿಮ್ಮ ರಸೀದಿ ಕಾಣುವುದಿಲ್ಲ. ಕಂಪನಿ ದಾರಿಯಲ್ಲಿ ಕಾರು ಬದಲಿಸಿಕೊಟ್ಟರೆ ಹೊಸ ನಂಬರಿಗೂ ವಿಗ್ನೆಟ್ ಇದೆಯೇ ನೋಡಿ.

ಪ್ರಶ್ನೆ: ಎಡಬದಿಯಲ್ಲಿ ಓಡಿಸಿ ರೂಢಿಯಾದವರಿಗೆ ಬಲಬದಿಯ ಸಂಚಾರ ಕಷ್ಟವೇ? ಲೈಸೆನ್ಸ್ ಯಾವುದು ಬೇಕು?

ಉತ್ತರ: ದಟ್ಟ ಸಂಚಾರದಲ್ಲಿ ಕಷ್ಟವಿಲ್ಲ, ಮುಂದಿನ ಕಾರೇ ದಾರಿ ತೋರಿಸುತ್ತದೆ. ತಪ್ಪಾಗುವುದು ಖಾಲಿ ರಸ್ತೆಯಲ್ಲಿ: ಬೆಳಿಗ್ಗೆ ಪೆಟ್ರೋಲ್ ಬಂಕ್‌ನಿಂದಲೋ ಹೋಟೆಲಿನ ಪಾರ್ಕಿಂಗ್‌ನಿಂದಲೋ ಹೊರಬಂದು ಮೊದಲ ತಿರುವು ತೆಗೆದುಕೊಳ್ಳುವಾಗ. ಆ ಮೊದಲ ತಿರುವಿನಲ್ಲಿ ಪಕ್ಕದವರು ‘ಬಲಕ್ಕೆ’ ಎಂದು ಬಾಯಿಬಿಟ್ಟು ಹೇಳುವ ಅಭ್ಯಾಸ ಇಟ್ಟುಕೊಳ್ಳಿ. ಎಡಗೈ ಗೇರಿಗೆ ಒಗ್ಗಿದವರು ಆಟೋಮ್ಯಾಟಿಕ್ ಕೇಳಿ ಪಡೆಯುವುದು ಒಳ್ಳೆಯದು.

ಗುರುತು ಫಲಕ, ಸಿಗ್ನಲ್ ಏನೂ ಇಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅದು ಎಷ್ಟೇ ಸಣ್ಣ ಓಣಿಯಾಗಿರಲಿ. ಬಿಳಿ ಅಂಚಿನ ಹಳದಿ ವಜ್ರಾಕಾರದ ಫಲಕ ಕಂಡರೆ ಆದ್ಯತೆ ನಿಮ್ಮದು. ಸ್ಲೊವೇನಿಯಾದಲ್ಲಿ ಹಗಲಲ್ಲೂ ಹೆಡ್‌ಲೈಟ್ ಉರಿಯುತ್ತಿರಬೇಕು. ಜರ್ಮನಿ, ಆಸ್ಟ್ರಿಯಾ ಹೆದ್ದಾರಿಗಳಲ್ಲಿ ಸಂಚಾರ ಕಟ್ಟಿಕೊಳ್ಳುತ್ತಿದ್ದಂತೆಯೇ, ಆಂಬುಲೆನ್ಸ್ ಸದ್ದಿಗೆ ಕಾಯದೆ, ಎಡತುದಿಯ ಸಾಲಿನವರು ಎಡಕ್ಕೂ ಉಳಿದೆಲ್ಲರೂ ಬಲಕ್ಕೂ ಸರಿದು ನಡುವೆ ಜಾಗ ಬಿಡಬೇಕು. ಪೂರ್ತಿ ನಿಂತ ಮೇಲೆ ಸರಿಯಲು ಜಾಗವೇ ಇರುವುದಿಲ್ಲ. ದಯವಿಟ್ಟು ಇದನ್ನು ಮರೆಯಬೇಡಿ, ಒಬ್ಬರ ಜೀವದ ಪ್ರಶ್ನೆ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಮೂಲ ಲೈಸೆನ್ಸ್‌ನ ಜೊತೆಗೆ ಮಾತ್ರ ಮಾನ್ಯ. 1949ರ ಜಿನೀವಾ ಒಪ್ಪಂದದ ಪ್ರಕಾರ ಕೊಟ್ಟದ್ದಾದರೆ ಅವಧಿ ಒಂದೇ ವರ್ಷ. ಕಾರು ಓಡಿಸುವ ಪ್ರತಿಯೊಬ್ಬರಿಗೂ ಬೇಕು, ಪ್ರತಿಯೊಬ್ಬರ ಹೆಸರೂ ಬಾಡಿಗೆ ಕರಾರಿನಲ್ಲಿರಬೇಕು.

ಪ್ರಶ್ನೆ: ಇಂಧನ ತುಂಬಿಸುವಾಗ ಭಾಷೆ ಬಾರದಿದ್ದರೆ?

ಉತ್ತರ: ನಳಿಕೆಯ ಮೇಲಿನ ಆಕಾರ ನೋಡಿ. ವೃತ್ತದೊಳಗೆ ಇ5 ಅಥವಾ ಇ10 ಇದ್ದರೆ ಪೆಟ್ರೋಲ್, ಚೌಕದೊಳಗೆ ಬಿ7 ಇದ್ದರೆ ಡೀಸೆಲ್. ಹೊಸ ಕಾರುಗಳ ಇಂಧನ ಮುಚ್ಚಳದ ಒಳಗೂ ಅದೇ ಗುರುತಿರುತ್ತದೆ. ಬಣ್ಣ ನಂಬಬೇಡಿ, ದೇಶದಿಂದ ದೇಶಕ್ಕೆ ಬದಲಾಗುತ್ತದೆ. ತಪ್ಪು ಇಂಧನ ಬಿದ್ದರೆ ಕೀ ತಿರುಗಿಸಲೇಬೇಡಿ. ಎಂಜಿನ್ ಚಾಲೂ ಆಗದಿದ್ದರೆ ಟ್ಯಾಂಕ್ ಖಾಲಿ ಮಾಡಿಸಿದರೆ ಮುಗಿಯಿತು. ಆಯಿತೋ, ಪಂಪು, ಇಂಜೆಕ್ಟರ್‌ವರೆಗೆ ಹೋಗುತ್ತದೆ. ಇದಕ್ಕೆ ವಿಮೆ ಸಿಗುವುದು ಅಪರೂಪ.

ಪ್ರಶ್ನೆ: ಗಡಿಗಳಲ್ಲಿ ತಪಾಸಣೆ ಇಲ್ಲವಾದರೆ ಪಾಸ್‌ಪೋರ್ಟ್ ಸೂಟ್‌ಕೇಸಿನಲ್ಲಿಟ್ಟರೂ ಆಗುತ್ತದಲ್ಲವೇ?

ಉತ್ತರ: ಬೇಡ. ಷೆಂಗೆನ್ ದೇಶಗಳು ಒಳಗಡಿಗಳಲ್ಲೂ ತಾತ್ಕಾಲಿಕ ತಪಾಸಣೆ ಹಾಕುವುದುಂಟು. ಪಾಸ್‌ಪೋರ್ಟ್, ಲೈಸೆನ್ಸ್, ಬಾಡಿಗೆ ಕರಾರು, ಕಾರಿನ ದಾಖಲೆ ನಾಲ್ಕನ್ನೂ ಒಂದೇ ಚೀಲದಲ್ಲಿ ಚಾಲಕರ ಕೈಗೆ ಸಿಗುವಂತಿಡಿ, ಕಾರು ಬಿಟ್ಟು ಇಳಿದಾಗ ಆ ಚೀಲವೂ ನಿಮ್ಮ ಜೊತೆ ಇಳಿಯಲಿ. ಐರೋಪ್ಯ ಒಕ್ಕೂಟದ ಸಿಮ್‌ನ ರೋಮಿಂಗ್ ಸವಲತ್ತು ಬೋಸ್ನಿಯಾಕ್ಕೆ ಅನ್ವಯಿಸುವುದಿಲ್ಲ. ನೇಉಮ್ ಹತ್ತಿರ ಮೊಬೈಲ್ ತಾನಾಗಿ ಆ ಕಡೆಯ ಟವರ್ ಹಿಡಿದುಬಿಡಬಹುದು. ಡೇಟಾ ರೋಮಿಂಗ್ ಬಂದ್ ಮಾಡಿ, ಮೊದಲೇ ಇಳಿಸಿಕೊಂಡ ಆಫ್‌ಲೈನ್ ನಕ್ಷೆಯಲ್ಲಿ ಸಾಗಿ.